ಪಕ್ಷಿಗಳ ಸಂಪರ್ಕದಿಂದ ಬರುವ ಅಲರ್ಜಿಜನ್ಯ ಶ್ವಾಸಕೋಶ ರೋಗ: ದೇವಸುಗೂರು ಹಾಗೂ ಸುತ್ತಲಿನ ಪ್ರದೇಶದ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಪಾರಿವಾಳ, ಕೋಳಿ, ಗಿಳಿ ಮುಂತಾದ ಪಕ್ಷಿಗಳ ಒಣಗಿದ ಹಿಕ್ಕೆ ಮತ್ತು ಗರಿಗಳ ಸೂಕ್ಷ್ಮ ಧೂಳನ್ನು ಪದೇ ಪದೇ ಉಸಿರಾಡುವುದರಿಂದ ಕೆಲವರ ಶ್ವಾಸಕೋಶದಲ್ಲಿ ಉರಿಯೂತ ಉಂಟಾಗುತ್ತದೆ. ಇದನ್ನು ವೈದ್ಯರು ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಎಂದು ಕರೆಯುತ್ತಾರೆ. ಪಾರಿವಾಳ ಸಾಕುವವರಲ್ಲಿ ಈ ರೋಗವನ್ನು ಅಮೆರಿಕದ ವೈದ್ಯರು 1965ರಲ್ಲಿ ವಿವರಿಸಿದರು. ಇದು ಹಕ್ಕಿಜ್ವರವಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವ ಸಾಂಕ್ರಾಮಿಕ ರೋಗವೂ ಅಲ್ಲ. ಕಾರಣವನ್ನು ಬೇಗನೆ ಗುರುತಿಸಿ ಅದರಿಂದ ದೂರವಾದಲ್ಲಿ ಬಹುತೇಕ ರೋಗಿಗಳು ಚೇತರಿಸಿಕೊಳ್ಳುತ್ತಾರೆ. ತಡವಾದಲ್ಲಿ ಶ್ವಾಸಕೋಶವು ನಾರುಗಟ್ಟಿ, ಮತ್ತೆ ಸರಿಪಡಿಸಲಾಗದ ಹಾನಿ ಉಂಟಾಗಬಹುದು.

ಈ ಪ್ರದೇಶದಲ್ಲಿ ಗಮನಿಸಬೇಕಾದ ಅಂಶಗಳು

ಕೃಷ್ಣಾ ನದಿಯ ದಂಡೆಯಲ್ಲಿರುವ ದೇವಸುಗೂರು, ಶ್ರೀ ಸೂಗೂರೇಶ್ವರ ದೇವಸ್ಥಾನದಿಂದ ಹೆಸರಾದ ಗ್ರಾಮ. ಇದಕ್ಕೆ ಹೊಂದಿಕೊಂಡಿರುವ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕವು 1985ರಲ್ಲಿ ಕಾರ್ಯಾರಂಭ ಮಾಡಿತು. ಕಲ್ಲಿದ್ದಲಿನ ಹಾರುಬೂದಿಯೂ ಉಸಿರಾಟದ ತೊಂದರೆಯನ್ನು ಉಂಟುಮಾಡಬಲ್ಲದು. ಆದುದರಿಂದ ಇಲ್ಲಿ ಕೆಮ್ಮು, ದಮ್ಮು ಕಾಣಿಸಿಕೊಂಡರೆ ಬೂದಿಯೊಂದೇ ಕಾರಣವೆಂದು ಭಾವಿಸುವುದು ಸಹಜ. ಹಾಗೆ ಭಾವಿಸಿದಾಗ ಮನೆಯ ಜಂತಿಯಲ್ಲಿ ಗೂಡು ಕಟ್ಟಿದ ಪಾರಿವಾಳಗಳು, ಹಿತ್ತಲಿನ ಕೋಳಿಗೂಡು, ಗರಿ ತುಂಬಿದ ದಿಂಬು ಇವು ಗಮನಕ್ಕೆ ಬಾರದೆ ಉಳಿಯುತ್ತವೆ.

ಪಕ್ಷಿಗಳಲ್ಲದೆ ಬೇರೆ ಮೂಲಗಳಿಂದಲೂ ಇದೇ ರೋಗ ಬರಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ ಭಾಗದಲ್ಲಿ ಹಾಗೂ ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗ ಭಾಗದಲ್ಲಿ ಭತ್ತ ಬೆಳೆಯುವ ರೈತರು ಬೂಷ್ಟು ಹಿಡಿದ ಹುಲ್ಲು ಮತ್ತು ಧಾನ್ಯದ ಧೂಳಿನ ಬಗ್ಗೆ ಎಚ್ಚರ ವಹಿಸಬೇಕು. ಬೇಸಿಗೆಯಲ್ಲಿ ಬಳಸುವ ಏರ್ ಕೂಲರ್‌ಗಳ ಒದ್ದೆ ಹುಲ್ಲಿನ ಪದರದಲ್ಲಿಯೂ ಬೂಷ್ಟು ಬೆಳೆಯುತ್ತದೆ. ದೇಶದ 19 ನಗರಗಳ 27 ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಅಂಗಾಂಶ ರೋಗಗಳುಳ್ಳ 1,084 ಜನರನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 47.3ರಷ್ಟು ಜನರಿಗೆ ಈ ರೋಗವಿರುವುದು ಕಂಡುಬಂದಿತು. ಅವರಲ್ಲಿ ಸುಮಾರು ಅರ್ಧದಷ್ಟು ಜನರು ಏರ್ ಕೂಲರ್‌ಗಳ ಸಂಪರ್ಕದಲ್ಲಿದ್ದರು.

ರೋಗ ಉಂಟಾಗುವ ಬಗೆ

ಪಕ್ಷಿಗಳ ಹಿಕ್ಕೆಯಲ್ಲಿ ಹಾಗೂ ಗರಿಗಳ ಮೇಲಿನ ಮೇಣದಂತಹ ಪುಡಿಯಲ್ಲಿ ಪ್ರೋಟೀನುಗಳಿರುತ್ತವೆ. ಇವುಗಳ ಅತಿ ಸಣ್ಣ ಕಣಗಳು ಶ್ವಾಸಕೋಶದ ಗಾಳಿಚೀಲಗಳವರೆಗೆ ತಲುಪುತ್ತವೆ. ಕೆಲವರ ದೇಹದ ರೋಗನಿರೋಧಕ ವ್ಯವಸ್ಥೆಯು ಇವುಗಳನ್ನು ಶತ್ರುವೆಂದು ಪರಿಗಣಿಸಿ ತೀವ್ರವಾಗಿ ಪ್ರತಿಕ್ರಿಯಿಸುತ್ತದೆ. ಒಂದೇ ಮನೆಯಲ್ಲಿ ವಾಸಿಸುವವರ ಪೈಕಿ ಒಬ್ಬರಿಗೆ ಮಾತ್ರ ರೋಗ ಬರುವುದು ಇದೇ ಕಾರಣದಿಂದ.

ಲಕ್ಷಣಗಳು

1. ತೀವ್ರ ಸ್ವರೂಪ: ಗೂಡು ಸ್ವಚ್ಛಗೊಳಿಸಿದ 4ರಿಂದ 8 ಗಂಟೆಗಳ ನಂತರ ಚಳಿಜ್ವರ, ಒಣಕೆಮ್ಮು, ಮೈಕೈ ನೋವು, ಉಸಿರುಗಟ್ಟುವಿಕೆ. ಸಂಪರ್ಕ ತಪ್ಪಿದಾಗ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ತಗ್ಗುತ್ತದೆ; ಮತ್ತೆ ಸಂಪರ್ಕವಾದಾಗ ಮರುಕಳಿಸುತ್ತದೆ.
2. ದೀರ್ಘಕಾಲೀನ ಸ್ವರೂಪ: ತಿಂಗಳುಗಟ್ಟಲೆ ಒಣಕೆಮ್ಮು, ನಡೆದಾಗ ಅಥವಾ ಮೆಟ್ಟಿಲು ಹತ್ತಿದಾಗ ಹೆಚ್ಚುವ ದಮ್ಮು, ಆಯಾಸ, ತೂಕ ಇಳಿಯುವಿಕೆ. ಕೆಲವರಲ್ಲಿ ಬೆರಳ ತುದಿಗಳು ಉಬ್ಬಿಕೊಳ್ಳುತ್ತವೆ.

ರೋಗ ಪತ್ತೆ

ಈ ಲಕ್ಷಣಗಳು ಕ್ಷಯ ಮತ್ತು ಅಸ್ತಮಾ ರೋಗಗಳನ್ನು ಹೋಲುತ್ತವೆ. ಎರಡು ವಾರ ಮೀರಿದ ಕೆಮ್ಮು ಇದ್ದಲ್ಲಿ ಮೊದಲು ಕಫ ಪರೀಕ್ಷೆಯನ್ನು ತಪ್ಪದೆ ಮಾಡಿಸತಕ್ಕದ್ದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಕ್ಷಯವಿಲ್ಲವೆಂದು ತಿಳಿದ ನಂತರವೂ ತೊಂದರೆ ಮುಂದುವರಿದಲ್ಲಿ, ಮನೆಯಲ್ಲಿ ಹಾಗೂ ಕೆಲಸದ ಸ್ಥಳದಲ್ಲಿ ಪಕ್ಷಿ, ಬೂಷ್ಟು, ಬೂದಿ ಅಥವಾ ಇತರೆ ಧೂಳಿನ ಸಂಪರ್ಕವಿದೆಯೇ ಎಂಬುದನ್ನು ವೈದ್ಯರು ಕೇಳದಿದ್ದರೂ ತಾವಾಗಿಯೇ ತಿಳಿಸಬೇಕು. ಈ ರೋಗದ ಪತ್ತೆಯಲ್ಲಿ ಇದಕ್ಕಿಂತ ಮುಖ್ಯವಾದ ಮಾಹಿತಿ ಬೇರೆ ಇಲ್ಲ. ಎದೆಯ ಸಿ.ಟಿ. ಸ್ಕ್ಯಾನ್, ಉಸಿರಾಟ ಸಾಮರ್ಥ್ಯ ಪರೀಕ್ಷೆ ಹಾಗೂ ಅಗತ್ಯವಿದ್ದಲ್ಲಿ ರಕ್ತ ಮತ್ತು ಶ್ವಾಸಕೋಶದ ದ್ರವದ ಪರೀಕ್ಷೆಗಳಿಂದ ರೋಗವನ್ನು ಖಚಿತಪಡಿಸಲಾಗುತ್ತದೆ.

ಚಿಕಿತ್ಸೆ

ಕಾರಣವಾದ ಧೂಳಿನಿಂದ ಸಂಪೂರ್ಣವಾಗಿ ದೂರವಿರುವುದೇ ಪ್ರಧಾನ ಚಿಕಿತ್ಸೆ. ಉರಿಯೂತ ತಗ್ಗಿಸಲು ವೈದ್ಯರು ಸ್ಟೀರಾಯ್ಡ್ ಮಾತ್ರೆಗಳನ್ನು ನೀಡಬಹುದು. ಇವುಗಳನ್ನು ಸ್ವಂತವಾಗಿ ಪ್ರಾರಂಭಿಸುವುದಾಗಲಿ, ಹಠಾತ್ತನೆ ನಿಲ್ಲಿಸುವುದಾಗಲಿ ಅಪಾಯಕರ. ಧೂಳಿನ ಸಂಪರ್ಕ ಮುಂದುವರಿದಿದ್ದರೆ ಔಷಧಿಯೊಂದರಿಂದಲೇ ಪ್ರಯೋಜನವಾಗದು. ಶ್ವಾಸಕೋಶ ನಾರುಗಟ್ಟಿದವರಿಗೆ ಮನೆಯಲ್ಲಿಯೇ ಆಮ್ಲಜನಕ ನೀಡಬೇಕಾಗಬಹುದು.

ಮುನ್ನೆಚ್ಚರಿಕೆ ಕ್ರಮಗಳು

* ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬಾರದು. ನೀರು ಚಿಮುಕಿಸಿ ಒದ್ದೆ ಮಾಡಿ ತೆಗೆಯಬೇಕು.
* ಗೂಡು ಶುಚಿಗೊಳಿಸುವಾಗ ಎನ್-95 ಮುಖಗವಸು ಧರಿಸಬೇಕು. ಸೆರಗು, ಟವೆಲ್ಲುಗಳು ಸೂಕ್ಷ್ಮ ಧೂಳನ್ನು ತಡೆಯುವುದಿಲ್ಲ. ರೋಗವಿರುವವರು ಈ ಕೆಲಸವನ್ನು ಮಾಡಲೇಬಾರದು.
* ಮಲಗುವ ಕೋಣೆಯಲ್ಲಿ ಪಕ್ಷಿಗಳನ್ನು ಇರಿಸಬಾರದು. ಕೋಳಿಗೂಡು ಮನೆಯಿಂದ ದೂರವಿರಲಿ.
* ಬೆಳಕಿಂಡಿ ಹಾಗೂ ಕಿಟಕಿಗಳಿಗೆ ಜಾಲರಿ ಹಾಕಬೇಕು. ಪಕ್ಷಿಗಳಿಗೆ ವಿಷವಿಡಬಾರದು.
* ಮನೆಯ ಬಳಿ ಪಾರಿವಾಳಗಳು ಗುಂಪುಗೂಡುವಂತೆ ಕಾಳು ಹಾಕಬಾರದು. ಮುಂಬಯಿಯಲ್ಲಿ 2025ರಲ್ಲಿ ಆರೋಗ್ಯದ ಕಾರಣದಿಂದಲೇ ಕಬೂತರಖಾನೆಗಳನ್ನು ಮುಚ್ಚಿಸಲು ಕ್ರಮ ಕೈಗೊಳ್ಳಲಾಯಿತು.
* ಪಕ್ಷಿಗಳನ್ನು ಸ್ಥಳಾಂತರಿಸಿದ ಮೇಲೂ ಅವುಗಳ ಧೂಳು ತಿಂಗಳುಗಟ್ಟಲೆ ಉಳಿಯುವುದರಿಂದ ಗೋಡೆ, ಜಂತಿ, ಹಾಸಿಗೆಗಳನ್ನು ಚೆನ್ನಾಗಿ ಸ್ವಚ್ಛಗೊಳಿಸಬೇಕು.

ಕೋಳಿ ಸಾಕಾಣಿಕೆಯನ್ನೇ ಜೀವನೋಪಾಯವಾಗಿಸಿಕೊಂಡ ಕುಟುಂಬಗಳಲ್ಲಿ, ರೋಗ ತಗುಲಿದವರನ್ನು ಆ ಕೆಲಸದಿಂದ ಬಿಡಿಸಿ ಬೇರೊಬ್ಬರಿಗೆ ವಹಿಸುವುದು ಸೂಕ್ತ. ರೋಗಿಯನ್ನು ಕ್ಷಯರೋಗಿಯೆಂದು ತಪ್ಪಾಗಿ ತಿಳಿದು ದೂರವಿಡುವುದು ಸಲ್ಲದು.

ಎಲ್ಲಿ ಸಂಪರ್ಕಿಸಬೇಕು

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕಾಣುವುದು. ಹೆಚ್ಚಿನ ತಪಾಸಣೆಗೆ ರಾಯಚೂರಿನ ರಿಮ್ಸ್ ಬೋಧಕ ಆಸ್ಪತ್ರೆ ಹಾಗೂ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಗಳಿವೆ. ಕುಳಿತಲ್ಲಿಯೇ ದಮ್ಮು, ತುಟಿ ನೀಲಿಗಟ್ಟುವಿಕೆ ಕಂಡುಬಂದಲ್ಲಿ ಕೂಡಲೇ 108ಕ್ಕೆ ಕರೆ ಮಾಡುವುದು.