ಅರಗಿನಿಂದ ಸೆರಾಮಿಕ್‌ವರೆಗೆ: ಕಾರಿನ ಮೈಬಣ್ಣದ ಚರಿತ್ರೆ



ಹೊಸ ಕಾರು ಕೊಳ್ಳಲು ಹೋದವರಿಗೆ ಈಗ ಮಾರಾಟಗಾರರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಬಣ್ಣದ ಮೇಲೆ ಫಿಲ್ಮ್ ಹಾಕಿಸುತ್ತೀರಾ, ಸೆರಾಮಿಕ್ ಕೋಟಿಂಗ್ ಮಾಡಿಸುತ್ತೀರಾ?” ಇದರ ಖರ್ಚು ಕೆಲವು ಸಾವಿರ ರೂಪಾಯಿಗಳಿಂದ ಹಿಡಿದು ಲಕ್ಷವನ್ನು ದಾಟುವುದೂ ಉಂಟು. ನಿಮ್ಮ ಮನೆಯಲ್ಲಿಯೂ ಈ ಮಾತು ಬಂದಿರಬಹುದು. ತಂದೆಯವರು ಬೇಡವೆಂದಿರಬಹುದು, ಅಣ್ಣ ಬೇಕೇ ಬೇಕೆಂದಿರಬಹುದು. ಕಾರ್ಖಾನೆಯಲ್ಲಿಯೇ ಬಣ್ಣ ಹಚ್ಚಿ ಕಳುಹಿಸಿದ ಕಾರಿಗೆ ಇನ್ನೊಂದು ಹೊದಿಕೆ ಏಕೆ ಬೇಕಾಯಿತು? ಇದಕ್ಕೆ ಉತ್ತರ ಹುಡುಕಲು ನಾವು ಸುಮಾರು ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲ ಮೋಟಾರು ಕಾರುಗಳಿಗೆ ತಮ್ಮದೇ ಆದ ಬಣ್ಣವಿರಲಿಲ್ಲ. ಕುದುರೆ ಸಾರೋಟುಗಳಿಗೆ ಹಚ್ಚುತ್ತಿದ್ದ ಬಣ್ಣವನ್ನೇ ಅವುಗಳಿಗೂ ಹಚ್ಚುತ್ತಿದ್ದರು. ಅಗಸೆ ಎಣ್ಣೆಯಲ್ಲಿ ಬಣ್ಣದ ಪುಡಿಯನ್ನು ಅರೆದು ಕುಂಚದಿಂದ ಒಂದು ಲೇಪ ಹಚ್ಚುವುದು, ಅದು ಒಣಗುವವರೆಗೆ ಕಾಯುವುದು, ಪ್ಯೂಮಿಸ್ ಕಲ್ಲಿನ ಪುಡಿಯಿಂದ ಉಜ್ಜಿ ನಯಗೊಳಿಸುವುದು, ಮತ್ತೆ ಇನ್ನೊಂದು ಲೇಪ. ಹೀಗೆ ಹಲವು ಲೇಪಗಳಾದ ಮೇಲೆ ವಾರ್ನಿಷ್. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ಒಂದು ಕಾರಿನ ಬಣ್ಣ ಮುಗಿಯಲು ವಾರಗಳೇ ಬೇಕಾಗುತ್ತಿದ್ದವು.

ಸಾರೋಟಿನ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ. ಆದರೆ 1913ರಲ್ಲಿ ಹೆನ್ರಿ ಫೋರ್ಡ್ ತನ್ನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲನ್ನು ಆರಂಭಿಸಿದ. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿ ಜೋಡಣೆಯ ಕೆಲಸ ಮರುವರ್ಷದ ಹೊತ್ತಿಗೆ 93 ನಿಮಿಷಕ್ಕೆ ಇಳಿಯಿತು. ಈಗ ಸ್ವಲ್ಪ ಲೆಕ್ಕ ಮಾಡಿ ನೋಡಿ. ದಿನಕ್ಕೆ ಸಾವಿರ ಕಾರು ತಯಾರಿಸುವ ಕಾರ್ಖಾನೆಯಲ್ಲಿ ಪ್ರತಿಯೊಂದು ಕಾರೂ ಬಣ್ಣ ಒಣಗಲು 20 ದಿನ ನಿಲ್ಲಬೇಕಾದರೆ, ಯಾವ ಹೊತ್ತಿನಲ್ಲಿ ನೋಡಿದರೂ 20,000 ಕಾರುಗಳು ಧೂಳು ತಾಗದ ಸೂರಿನ ಕೆಳಗೆ ಸುಮ್ಮನೆ ನಿಂತಿರಬೇಕು! ಯಂತ್ರಗಳೆಲ್ಲ ಓಡುತ್ತಿದ್ದರೂ ಇಡೀ ಉದ್ಯಮವನ್ನು ತಡೆದು ನಿಲ್ಲಿಸಿದ್ದು ಒಂದು ಡಬ್ಬಿ ಬಣ್ಣ.

ಫೋರ್ಡ್‌ನ ಪರಿಹಾರ ನಿಮಗೆಲ್ಲ ಗೊತ್ತಿರುವ ಕಪ್ಪು ಬಣ್ಣ. 1908ರಲ್ಲಿ ಹೊರಬಂದ ಅವನ ‘ಮಾಡೆಲ್ ಟಿ’ ಮೊದಲ ವರ್ಷಗಳಲ್ಲಿ ಕೆಂಪು, ಹಸಿರು, ಬೂದು ಬಣ್ಣಗಳಲ್ಲಿಯೂ ಸಿಗುತ್ತಿತ್ತು. 1914ರಿಂದ 1925ರವರೆಗೆ ಮಾತ್ರ ಅದು ಕೇವಲ ಕಪ್ಪು. ಕಪ್ಪು ಬಣ್ಣವೇ ಎಲ್ಲಕ್ಕಿಂತ ಬೇಗ ಒಣಗುತ್ತಿತ್ತು ಎಂದು ಪುಸ್ತಕಗಳಲ್ಲಿ ಬರೆಯುವುದುಂಟು. ಅದಕ್ಕಿಂತ ಮುಖ್ಯವಾದ ಕಾರಣ ಬೇರೆಯದು. ಡಾಂಬರಿನ ಜಾತಿಯ ಆಸ್ಫಾಲ್ಟನ್ನು ಬೆರೆಸಿದ ಆ ಕಪ್ಪು ಬಣ್ಣ ಅಗ್ಗವಾಗಿತ್ತು, ಬಾಳಿಕೆ ಬರುತ್ತಿತ್ತು, ತೇವವನ್ನು ತಡೆಯುತ್ತಿತ್ತು. ಲೋಹದ ಬಿಡಿಭಾಗಗಳಿಗೆ ಅದನ್ನು ಹಚ್ಚಿ ಕಾವಲಿಯಂತಹ ಒಲೆಯಲ್ಲಿ ಬೇಯಿಸಬಹುದಾಗಿತ್ತು. ಆದರೆ ಆಸ್ಫಾಲ್ಟ್ ತಾನೇ ಕಪ್ಪು. ಅದಕ್ಕೆ ಯಾವ ಬಣ್ಣ ಸೇರಿಸಿದರೂ ಕಪ್ಪೇ.

ಬಣ್ಣದ ಬಾಗಿಲು ತೆರೆದದ್ದು ಮದ್ದುಗುಂಡಿನ ಕಂಪೆನಿ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಅಮೆರಿಕದ ಡೆಲವೇರ್ ಸಂಸ್ಥಾನದಲ್ಲಿ 1802ರಲ್ಲಿ ಸ್ಥಾಪನೆಯಾದ ಡ್ಯುಪಾಂಟ್ ಕಂಪೆನಿ ಮೊದಲ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳಿಗೆ ಅಪಾರ ಪ್ರಮಾಣದ ಸ್ಫೋಟಕಗಳನ್ನು ಪೂರೈಸಿತ್ತು. ಅದರ ಮುಖ್ಯ ಸರಕು ನೈಟ್ರೋಸೆಲ್ಯುಲೋಸ್, ಅಂದರೆ ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿ ಪಡೆದ ವಸ್ತು. 1918ರಲ್ಲಿ ಯುದ್ಧ ಮುಗಿಯಿತು. ಇಷ್ಟೊಂದು ನೈಟ್ರೋಸೆಲ್ಯುಲೋಸ್ ತಯಾರಿಸುವ ಸಾಮರ್ಥ್ಯವನ್ನು ಏನು ಮಾಡುವುದು? ಅದನ್ನು ದ್ರಾವಕದಲ್ಲಿ ಕರಗಿಸಿದರೆ ಬೇಗ ಒಣಗುವ ಹೊಳಪಿನ ಪದರ ದೊರೆಯುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಆದರೆ ಆ ದ್ರಾವಣ ತೀರಾ ಮಂದ. ತೆಳುವಾಗಿಸಿದರೆ ಬಣ್ಣ ಸಾಲದು. 1920ರಲ್ಲಿ ನ್ಯೂಜೆರ್ಸಿಯ ಪಾರ್ಲಿನ್‌ನಲ್ಲಿದ್ದ ಕಂಪೆನಿಯ ಪ್ರಯೋಗಶಾಲೆಯಲ್ಲಿ ಈ ತೊಡಕು ಬಿಡಿಸಿಕೊಂಡಿತು. ಸೋಡಿಯಂ ಅಸಿಟೇಟ್ ಬೆರೆತ ನೈಟ್ರೋಸೆಲ್ಯುಲೋಸ್ ದ್ರಾವಣ ಬಿಸಿಯಲ್ಲಿ ಉಳಿದಾಗ ತೆಳುವಾದ ಪಾಕವಾಯಿತು. ಅಂತಹ ಪಾಕದಲ್ಲಿ ಹೆಚ್ಚು ಬಣ್ಣದ ಪುಡಿಯನ್ನು ಬೆರೆಸಬಹುದು, ಸ್ಪ್ರೇ ಗನ್ನಿನಿಂದ ಸಿಂಪಡಿಸಬಹುದು.

ಹೀಗೆ ಹುಟ್ಟಿದ ಲ್ಯಾಕರಿಗೆ ‘ಡ್ಯೂಕೋ’ ಎಂದು ಹೆಸರಿಟ್ಟರು. ಜನರಲ್ ಮೋಟರ್ಸ್ ಕಂಪೆನಿಯ ಓಕ್ಲಂಡ್ ಕಾರುಗಳು 1923ರಲ್ಲಿ, ಮರುವರ್ಷದ ಮಾದರಿಗಳಾಗಿ, ಈ ಬಣ್ಣದ ನೀಲಿ ಮೈಯಲ್ಲಿ ಹೊರಬಂದವು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ನಮ್ಮ ಊರಿನ ಬಡಗಿಗಳು ಬೀರುವಿಗೆ “ಡ್ಯೂಕೋ ಹೊಡೆಸೋಣವಾ?” ಎಂದು ಇಂದಿಗೂ ಕೇಳುವುದನ್ನು ನೀವು ಕೇಳಿರಬಹುದು. ಆ ಹೆಸರು ಬಂದದ್ದು ಇಲ್ಲಿಂದ.

‘ಲ್ಯಾಕರ್’ ಎಂಬ ಪದದ ಬೇರು ಇನ್ನೂ ಹಳೆಯದು, ಅದು ನಮ್ಮದೇ. ಸಂಸ್ಕೃತದ ‘ಲಾಕ್ಷಾ’, ಹಿಂದಿಯ ‘ಲಾಖ್’ ಪೋರ್ಚುಗೀಸರ ಮೂಲಕ ಯೂರೋಪಿಗೆ ಹೋಗಿ ಲ್ಯಾಕರ್ ಆಯಿತು. ಕನ್ನಡದಲ್ಲಿ ನಾವು ಅದನ್ನು ಅರಗು ಎನ್ನುತ್ತೇವೆ. ಮರದ ಕೊಂಬೆಗಳ ಮೇಲೆ ಒಂದು ಚಿಕ್ಕ ಕೀಟ ಸ್ರವಿಸುವ ಅಂಟು ಇದು. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಆಟಿಕೆಗೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಘರ್ಷಣೆಯ ಶಾಖಕ್ಕೆ ಅದು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಸ್ಥಾಪನೆಯಾದ ಕಾರ್ಖಾನೆಯ ಮೊದಲ ಹೆಸರೇ ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಬರುತ್ತಿರುವುದು ಇದೇ ಕಾರ್ಖಾನೆಯಿಂದ. ಇನ್ನು ಅರಗಿನ ಮನೆಯ ಕಥೆಯನ್ನು ನಿಮಗೆ ಹೇಳಬೇಕಾಗಿಲ್ಲ. ಡ್ಯೂಕೋದಲ್ಲಿ ಅರಗು ಇರಲಿಲ್ಲ ನಿಜ. ಆದರೆ ಬೆಂಕಿಗೆ ಹೆದರಬೇಕಾದ ವಿಷಯದಲ್ಲಿ ಅದು ದುರ್ಯೋಧನನ ಅರಮನೆಗೆ ಸೋಲುವಂತಹುದಲ್ಲ. ಹಳೆಯ ಬಣ್ಣದ ಶಾಲೆಗಳಲ್ಲಿ ಬೀಡಿ ಸೇದುವಂತಿರಲಿಲ್ಲ.

ಡ್ಯುಪಾಂಟ್ ಬಣ್ಣವನ್ನು ಜನರಲ್ ಮೋಟರ್ಸ್ ಕೊಂಡದ್ದು ಕೇವಲ ಗುಣ ನೋಡಿಯೇ? ಈ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಗಳಿಸಿದ ಹಣದಿಂದ ಡ್ಯುಪಾಂಟ್, ಜನರಲ್ ಮೋಟರ್ಸ್‌ನ ಶೇಕಡ 23ರಷ್ಟು ಷೇರುಗಳನ್ನು ಕೊಂಡಿತ್ತು. ಕಾರು ತಯಾರಕನ ಷೇರುಗಳು ಬಣ್ಣ ಮಾರುವವನ ಕೈಯಲ್ಲಿದ್ದರೆ ಉಳಿದ ಬಣ್ಣದ ಕಂಪೆನಿಗಳ ಗತಿಯೇನು? ಬಣ್ಣ ಮತ್ತು ಬಟ್ಟೆಯ ಮಾರಾಟವನ್ನೇ ಮುಖ್ಯವಾಗಿ ಎತ್ತಿಕೊಂಡು ನ್ಯಾಯಾಲಯ 1957ರಲ್ಲಿ ಈ ಷೇರು ಹಿಡಿತ ಕಾನೂನಿಗೆ ವಿರುದ್ಧವೆಂದು ತೀರ್ಪು ನೀಡಿತು. ಮುಂದೆ ಡ್ಯುಪಾಂಟ್ ಆ ಷೇರುಗಳನ್ನು ಬಿಟ್ಟುಕೊಡಬೇಕಾಯಿತು. ವಾಣಿಜ್ಯ ಓದುವ ವಿದ್ಯಾರ್ಥಿಗಳು ಈ ಮೊಕದ್ದಮೆಯನ್ನು ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಈಗ ರಕ್ಷಣೆಯ ವಿಷಯಕ್ಕೆ ಬರೋಣ. ಲ್ಯಾಕರ್ ಬೇಗ ಒಣಗಿದರೂ ಬಿಸಿಲಿಗೆ ಮಂಕಾಗುತ್ತಿತ್ತು. ಆಗಾಗ ಉಜ್ಜಿ ಮೇಣ ಹಚ್ಚಬೇಕಿತ್ತು. ಅದಕ್ಕೆ ಒದಗಿದ್ದು ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಮರ, ಕಾರ್ನೌಬಾ. ಆ ದೇಶದ ಈಶಾನ್ಯ ಭಾಗದ ಒಣ ನೆಲದಲ್ಲಿ ಬೆಳೆಯುವ ಈ ಮರ, ನೀರು ಆರಿಹೋಗದಂತೆ ತನ್ನ ಎಲೆಗಳಿಗೆ ತಾನೇ ಮೇಣ ಹೊದಿಸಿಕೊಳ್ಳುತ್ತದೆ. ಎಲೆ ಕೊಯ್ದು ಒಣಗಿಸಿ ಬಡಿದರೆ ಮೇಣ ಪುಡಿಯಾಗಿ ಉದುರುತ್ತದೆ. ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾತ್ರ ಕರಗುವ ಇದಕ್ಕೆ ಜೇನುಮೇಣಕ್ಕಿಂತ ಗಟ್ಟಿತನವಿದೆ. 1935ರಲ್ಲಿ ಅಮೆರಿಕದ ಮೇಣದ ಉದ್ಯಮಿ ಹರ್ಬರ್ಟ್ ಜಾನ್ಸನ್ ‘ಕಾರ್ನೌಬಾ’ ಎಂದೇ ಹೆಸರಿಟ್ಟ, ನೀರಿನ ಮೇಲೂ ಇಳಿಯಬಲ್ಲ ವಿಮಾನದಲ್ಲಿ ಈ ಮರವನ್ನು ಹುಡುಕಿಕೊಂಡು ಬ್ರೆಜಿಲ್‌ಗೆ ಹಾರಿದ. 1998ರಲ್ಲಿ ಅವನ ಮಗ ಅಂತಹುದೇ ವಿಮಾನ ಕಟ್ಟಿಸಿ ಅದೇ ದಾರಿಯಲ್ಲಿ ಮತ್ತೊಮ್ಮೆ ಹೋಗಿಬಂದ. ಮೇಣದ ಕೊರತೆ ಒಂದೇ: ಕೆಲವು ವಾರಗಳ ಬಿಸಿಲು ಮಳೆಗೆ ಅದು ಹೋಗಿಬಿಡುತ್ತದೆ.

1970ರ ದಶಕದ ಕೊನೆಯಿಂದ ಬಣ್ಣದ ರಚನೆಯೇ ಬದಲಾಯಿತು. ಈಗಿನ ಕಾರಿನ ಮೈಯನ್ನು ಅಡ್ಡಲಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉಕ್ಕಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ‘ಕ್ಲಿಯರ್ ಕೋಟ್’ ಕಾಣುತ್ತವೆ. ಹೊಳಪು ಕೊಡುವುದೂ ಬಿಸಿಲು ತಡೆಯುವುದೂ ಈ ಮೇಲಿನ ಪದರವೇ. ಇದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗಕ್ಕಿಂತ ಹೆಚ್ಚಲ್ಲ. ನಿಮ್ಮ ನೋಟ್‌ಬುಕ್ಕಿನ ಒಂದು ಹಾಳೆ ಇದಕ್ಕಿಂತ ದಪ್ಪ! ಪ್ರತಿ ಸಲ ಯಂತ್ರದಿಂದ ಪಾಲಿಷ್ ಮಾಡಿಸಿದಾಗಲೂ ಇದರಲ್ಲಿ ಸ್ವಲ್ಪ ಸವೆದು ಹೋಗುತ್ತದೆ. ಮಳೆಯಲ್ಲಿನ ಆಮ್ಲಕ್ಕೂ ಇದು ಪೂರ್ತಿ ನಿರಾತಂಕವಲ್ಲ. ಫ್ಲೋರಿಡಾದ ಜ್ಯಾಕ್ಸನ್‌ವಿಲ್ ಎಂಬ ಊರಿನ ಬೇಸಿಗೆಯಲ್ಲಿ ಆಮ್ಲದ ಹನಿ, ಇಬ್ಬನಿ, ಬಿಸಿಲು ಮೂರೂ ಸೇರಿ ಬಣ್ಣದ ಮೇಲೆ ಅಳಿಸಲಾಗದ ಚುಕ್ಕೆಗಳನ್ನು ಕೊರೆಯುವುದರಿಂದ, ಬಣ್ಣದ ಕಂಪೆನಿಗಳು ಪರೀಕ್ಷೆಗೆಂದೇ ಅಲ್ಲಿ ತಮ್ಮ ಫಲಕಗಳನ್ನು ಒಡ್ಡಿ ಇಡತೊಡಗಿದವು.

ಈ ಕ್ಲಿಯರ್ ಕೋಟಿನ ಇನ್ನೊಂದು ಮುಖವನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಗ್ಯಾರೇಜುಗಳಲ್ಲಿ ಮರುಬಣ್ಣಕ್ಕೆ ಬಳಸುವ ಎರಡು ಡಬ್ಬಿಯ ಪಾಲಿಯುರೆಥೇನ್ ಬಣ್ಣದ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಎಂಬ ವರ್ಗದ ರಾಸಾಯನಿಕವಿರುತ್ತದೆ. 1984ರಲ್ಲಿ ಭೋಪಾಲದಲ್ಲಿ ಸೋರಿದ ಅನಿಲದ ಹೆಸರಿನಲ್ಲೂ ಈ ಪದವನ್ನು ನೀವು ಕಂಡಿದ್ದೀರಿ. ವಸ್ತು ಬೇರೆ, ವರ್ಗ ಒಂದೇ. ಸಿಂಪಡಿಸುವಾಗ ಏಳುವ ಮಂಜನ್ನು ಉಸಿರಾಡಿದ ಕೆಲಸಗಾರನಿಗೆ ಅಸ್ತಮಾ ಹತ್ತಬಹುದು. ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸುತ್ತದೆ. ಆ ಕಸುಬನ್ನೇ ಬಿಡಬೇಕಾಗುತ್ತದೆ. ಇದಕ್ಕೆ ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖವಾಡವೇ ಬೇಕು. ರಸ್ತೆ ಬದಿಯ ಟಿಂಕರಿಂಗ್ ಗ್ಯಾರೇಜಿನಲ್ಲಿ ನಿಮ್ಮದೇ ವಯಸ್ಸಿನ ಹುಡುಗ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಸ್ಪ್ರೇ ಹಿಡಿದು ನಿಂತಿರುವುದನ್ನು ಕಂಡರೆ, ಆ ಕರವಸ್ತ್ರದಿಂದ ಏನೂ ಪ್ರಯೋಜನವಿಲ್ಲವೆಂಬುದು ನಿಮಗೆ ತಿಳಿದಿರಲಿ. ಮಾಲೀಕನಿಗೂ ತಿಳಿಸಿ. ಕಾರಿನ ಮೈಗೆ ಲಕ್ಷ ರೂಪಾಯಿಯ ಹೊದಿಕೆ ಸಿಗುವ ಊರಿನಲ್ಲಿ ಬಣ್ಣ ಹಚ್ಚುವವನಿಗೆ ಒಂದು ಮುಖವಾಡ ಸಿಗದಿರುವುದು ನನಗಂತೂ ಲಜ್ಜೆಯ ಸಂಗತಿಯೆನಿಸುತ್ತದೆ.

ಫಿಲ್ಮಿನ ಕಥೆ ಯುದ್ಧದಿಂದಲೇ ಬಂದದ್ದು. ಜರ್ಮನಿಯಲ್ಲಿ ಓಟೋ ಬೇಯರ್ 1937ರಲ್ಲಿ ಕಂಡುಹಿಡಿದ ಪಾಲಿಯುರೆಥೇನ್ ಅದರ ಮೂಲವಸ್ತು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಹೆಲಿಕಾಪ್ಟರುಗಳ ರೆಕ್ಕೆಯಲಗುಗಳ ಅಂಚು ಮರಳು, ಕಲ್ಲುಚೂರುಗಳಿಂದ ಸವೆಯುತ್ತಿತ್ತು. ಆಗ ತ್ರೀಎಂ ಕಂಪೆನಿ ಪಾಲಿಯುರೆಥೇನಿನ ಗಟ್ಟಿ ಪಟ್ಟಿಯೊಂದನ್ನು ಅದಕ್ಕೆ ಅಂಟಿಸಲು ತಯಾರಿಸಿತು. ಮುಂದೆ ಅದು ಪಂದ್ಯದ ಕಾರುಗಳ ಮುಂಭಾಗಕ್ಕೆ ಬಂದು, ಅಲ್ಲಿಂದ ಸಾಮಾನ್ಯ ಕಾರುಗಳಿಗೂ ಬಂತು. ಮೊದಮೊದಲಿನ ಫಿಲ್ಮುಗಳು ಬಿಸಿಲಿಗೆ ಹಳದಿಗಟ್ಟುತ್ತಿದ್ದವು. ಅಣುವಿನಲ್ಲಿ ಬೆಂಜೀನ್ ಉಂಗುರವಿರುವ ಪಾಲಿಯುರೆಥೇನ್ ಹಳದಿಯಾಗುತ್ತದೆ, ಉಂಗುರವಿಲ್ಲದ್ದು ಬಹುಮಟ್ಟಿಗೆ ಆಗುವುದಿಲ್ಲ. ರಸಾಯನಶಾಸ್ತ್ರ ಓದುವವರಿಗೆ ಇದು ಅರ್ಥವಾದೀತು. ಈಗಿನ ಫಿಲ್ಮಿನ ದಪ್ಪ ಸುಮಾರು 150ರಿಂದ 200 ಮೈಕ್ರಾನ್. ಹಾರಿಬಂದ ಕಲ್ಲಿನ ಪೆಟ್ಟನ್ನು ಅದು ರಬ್ಬರಿನಂತೆ ತಾನು ನುಂಗುತ್ತದೆ. ಮೇಲಿನ ಸಣ್ಣ ಗೀರುಗಳು ಬಿಸಿನೀರು ಸುರಿದರೆ ಮಾಯವಾಗುವುದೂ ಉಂಟು. ಮಂತ್ರವೇನಲ್ಲ, ಬಿಸಿಯಲ್ಲಿ ಅದರ ಉದ್ದನೆಯ ಅಣುಗಳು ಮೊದಲಿದ್ದ ಸ್ಥಿತಿಗೆ ಮರಳುತ್ತವೆ.

ಸೆರಾಮಿಕ್ ಕೋಟಿಂಗ್ ಎಂದರೆ ಮಡಕೆಯಂತೆ ಸುಟ್ಟದ್ದು ಎಂದು ತಿಳಿಯಬೇಡಿ. ಸಿಲಿಕಾನ್ ಇರುವ ದ್ರವವೊಂದನ್ನು ಬಟ್ಟೆಯಿಂದ ಸವರುತ್ತಾರೆ, ಅದು ಗಾಳಿಯ ತೇವದೊಡನೆ ವರ್ತಿಸಿ ಗಾಜಿನ ಬಂಧುವಾದ ಪದರವಾಗುತ್ತದೆ. ಇಂತಹ ದ್ರವಗಳಲ್ಲಿ ಒಂದು ವರ್ಗ ಪಾಲಿಸಿಲಝೇನ್. ಇದರ ಕುರಿತು ಜರ್ಮನಿಯ ಆಲ್ಫ್ರೆಡ್ ಸ್ಟಾಕ್ 1921ರಲ್ಲಿಯೇ ಬರೆದಿದ್ದರು. ಪದರದ ದಪ್ಪ ಒಂದೆರಡು ಮೈಕ್ರಾನ್, ಹಲವು ಸಲ ಅದಕ್ಕೂ ಕಡಿಮೆ. ಫಿಲ್ಮಿನ ನೂರನೆಯ ಒಂದು ಭಾಗವೆನ್ನಿ. ಕಲ್ಲಿನ ಪೆಟ್ಟನ್ನು ಇದು ತಡೆಯಲಾರದು. ಇದು ಮಾಡುವ ಕೆಲಸ ಬೇರೆ: ನೀರು ಹರಡದೆ ಹನಿಗಟ್ಟಿ ಉರುಳುತ್ತದೆ, ಕೆಸರು ಸುಲಭವಾಗಿ ತೊಳೆದುಹೋಗುತ್ತದೆ. ಕೆಸುವಿನ ಎಲೆಯ ಮೇಲೆ, ತಾವರೆ ಎಲೆಯ ಮೇಲೆ ನೀರು ನಿಲ್ಲದಿರುವುದನ್ನು ನೋಡಿಯೇ ನಮ್ಮ ಹಿರಿಯರು ನಿರ್ಲಿಪ್ತತೆಗೆ ಹೋಲಿಕೆ ಕೊಟ್ಟರು. ಆ ಎಲೆಯ ಮೇಲ್ಮೈಯಲ್ಲಿ ಮೇಣ ಹೊದ್ದ ಸೂಕ್ಷ್ಮ ಗುಬ್ಬಿಗಳಿರುವುದೇ ಇದಕ್ಕೆ ಕಾರಣವೆಂದು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಟ್‌ಲಾಟ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ವಿವರಿಸಿದರು. ಕಾರಿನ ಲೇಪ ನಯವಾದದ್ದು, ತಾವರೆಯಷ್ಟು ಸಮರ್ಥವಲ್ಲ. ಬೋರ್‌ವೆಲ್ಲಿನ ಗಡಸು ನೀರಿನಿಂದ ತೊಳೆದು ಬಿಸಿಲಿಗೆ ಬಿಟ್ಟರೆ ಅದೇ ದುಂಡು ಹನಿಗಳು ಒಣಗಿ ಬಿಳಿ ಸುಣ್ಣದ ಚುಕ್ಕೆಗಳಾಗಿ ಕೂರುತ್ತವೆ. ತೊಳೆದ ಮೇಲೆ ಒರೆಸುವ ಶ್ರಮ ತಪ್ಪಿದ್ದಲ್ಲ.

ಜಾಹೀರಾತುಗಳಲ್ಲಿ “9ಎಚ್ ಗಡಸುತನ” ಎಂದು ದಪ್ಪಕ್ಷರದಲ್ಲಿ ಮುದ್ರಿಸುತ್ತಾರೆ. ಭೂವಿಜ್ಞಾನದ ಪಾಠದಲ್ಲಿ ಮೋಸ್ ಮಾನದ 10ನೆಯದು ವಜ್ರವೆಂದು ಓದಿದ ನಿಮಗೆ, 9 ಎಂದರೆ ಕೆಂಪು ಕಲ್ಲಿನಷ್ಟು, ಮಾಣಿಕ್ಯದಷ್ಟು ಗಟ್ಟಿ ಎನಿಸುವುದು ಸಹಜ. ಆದರೆ ಇಲ್ಲಿ 9ಎಚ್ ಎಂಬುದು ಪೆನ್ಸಿಲ್ಲಿನ ಗುರುತು. ನೀವು ಚಿತ್ರ ಬರೆಯಲು ಬಳಸುವ ಎಚ್‌ಬಿ, 2ಎಚ್ ಸಾಲಿನ ತುದಿಯದು. ಬೇಕಿದ್ದರೆ ನೀವೇ ಪರೀಕ್ಷಿಸಿ. ಬಣ್ಣ ಬಳಿದ ಹಳೆಯ ತಗಡಿನ ಚೂರೊಂದನ್ನು ತೆಗೆದುಕೊಳ್ಳಿ (ತಂದೆಯವರ ಕಾರನ್ನು ಖಂಡಿತ ಬೇಡ). 2ಬಿ, ಎಚ್‌ಬಿ, 2ಎಚ್, 4ಎಚ್ ಪೆನ್ಸಿಲ್ಲುಗಳ ಮರವನ್ನು ಮಾತ್ರ ಕೆತ್ತಿ, ಸೀಸದ ತುದಿಯನ್ನು ಉಪ್ಪುಕಾಗದದ ಮೇಲೆ ಉಜ್ಜಿ ಚಪ್ಪಟೆ ಮಾಡಿ. ಮೆತ್ತನೆಯದರಿಂದ ಆರಂಭಿಸಿ, 45 ಡಿಗ್ರಿ ಕೋನದಲ್ಲಿ ಒತ್ತಿ ಹಿಡಿದು ಮುಂದಕ್ಕೆ ತಳ್ಳಿ, ಗುರುತನ್ನು ರಬ್ಬರಿನಿಂದ ಅಳಿಸಿ ನೋಡಿ. ಯಾವ ಪೆನ್ಸಿಲ್ ಮೊದಲು ಗೀರು ಬಿಡುತ್ತದೋ ಅದರ ಹಿಂದಿನದೇ ಆ ಬಣ್ಣದ ಪೆನ್ಸಿಲ್ ಗಡಸುತನ. ಆಮೇಲೆ ಅದೇ ತಗಡಿನ ಮೇಲೆ ಒಂದು ಚಿಟಿಕೆ ರಸ್ತೆಯ ಮರಳನ್ನು ಉದುರಿಸಿ, ಒಣ ಬಟ್ಟೆಯಿಂದ ಒಮ್ಮೆ ಒರೆಸಿ, ಬಿಸಿಲಿಗೆ ಹಿಡಿದು ನೋಡಿ.