ಅರಗಿದ್ದೆಲ್ಲ ಮೈಗೆ ಹತ್ತುವುದಿಲ್ಲ

ಚಾರ್‌ಮಿನಾರ್ ಪಕ್ಕದ ಲಾಡ್ ಬಜಾರಿನಲ್ಲಿ ಬೆಂಕಿಯ ಶಾಖಕ್ಕೆ ಮೆತ್ತಗಾಗಿ ಬಳೆಯಾಗುವ ವಸ್ತುವನ್ನು ಕನ್ನಡದಲ್ಲಿ ಅರಗು ಎನ್ನುತ್ತೇವೆ. ಪಾಂಡವರನ್ನು ಸುಡಲೆಂದು ಕಟ್ಟಿಸಿದ್ದು ಇದರದೇ ಮನೆ. ಅಲ್ಲೇ ಆಸುಪಾಸಿನಲ್ಲಿ ಹೊಟ್ಟೆತುಂಬ ಹಲೀಮ್ ತಿಂದವರಿಗೆ ಬೇಕಾಗುವುದು ಇನ್ನೊಂದು ಅರಗು. ಉಚ್ಚಾರ ಒಂದೇ, ನಂಟೇನೂ ಇಲ್ಲ. ಬಳೆಯ ಅರಗು ಸಂಸ್ಕೃತದ ಲಾಕ್ಷಾ ಕಡೆಯಿಂದ ಬಂದದ್ದು. ಹೊಟ್ಟೆಯ ಅರಗು ದ್ರಾವಿಡದ್ದೇ.

ಈ ಎರಡನೆಯದರ ಒಳಗೆ ಸವೆಯುವುದು ಎಂಬ ಅರ್ಥ ಅಡಗಿದೆ. ಹೈದರಾಬಾದಿನ ತೆಲುಗರ ಬಾಯಲ್ಲಿ ಅದು ಇಂದಿಗೂ ಬಿಚ್ಚಿ ಕಾಣುತ್ತದೆ: ಚಪ್ಪಲಿ ಸವೆದರೂ ‘ಅರಿಗಿಪೋಯಿಂದಿ’, ಉಂಡದ್ದು ಕರಗದಿದ್ದರೆ ‘ಅರಗಲೇದು’. ಸಂಸ್ಕೃತದ ಜೀರ್ಣವೂ ಹೀಗೇ, ಹಳತಾಗಿ ಶಿಥಿಲವಾದದ್ದು. ಇಲ್ಲದಿದ್ದರೆ ಗುಡಿಗೆ ಜೀರ್ಣೋದ್ಧಾರ ಎಲ್ಲಿಂದ ಬರಬೇಕು? ಹಳೆ ಪೇಟೆಯ ಉರ್ದುವಿನಲ್ಲಿ ಹಜಮ್ ಮಾಡುವುದು ಅನ್ನವನ್ನಷ್ಟೇ ಅಲ್ಲ, ಇನ್ನೊಬ್ಬರ ದುಡ್ಡನ್ನೂ. ಕನ್ನಡಿಗರ ಹೊಟ್ಟೆ ಇನ್ನೂ ದೊಡ್ಡದು. ಸೋಲು, ಅವಮಾನ, ಸಾವಿನ ಸುದ್ದಿ ಎಲ್ಲವನ್ನೂ ಅರಗಿಸಿಕೊಳ್ಳುತ್ತೇವೆ.

ಸವೆಸುವ ಕೆಲಸ ಬಾಯಲ್ಲೇ ಶುರುವಾಗುತ್ತದೆ. ಅನ್ನದ ಪಿಷ್ಟವನ್ನು ಎಂಜಲು ಒಡೆಯತೊಡಗುತ್ತದೆ, ಮಾಂಸ ಬೇಳೆಗಳ ಪ್ರೋಟೀನನ್ನು ಜಠರದ ಆಮ್ಲ ಮತ್ತು ಪೆಪ್ಸಿನ್ ಹಿಡಿದುಕೊಳ್ಳುತ್ತವೆ, ತುಪ್ಪ ಎಣ್ಣೆಗಳನ್ನು ಪಿತ್ತರಸ ಸಣ್ಣ ಸಣ್ಣ ಹನಿಯಾಗಿಸುತ್ತದೆ. ಆದರೆ ಇಷ್ಟೆಲ್ಲ ಅರಗಿದ ಮೇಲೂ ಆಹಾರ ಕರುಳಿನ ಕೊಳವೆಯೊಳಗೇ ಇದೆ, ಮೈಗೆ ಇನ್ನೂ ಹೊರಗಿನದೇ. ಸುಮಾರು 6 ಮೀಟರ್ ಉದ್ದದ ಸಣ್ಣಕರುಳಿನ ಗೋಡೆ ದಾಟಿದರೆ ಮಾತ್ರ ಅದು ನಮ್ಮದು. ಸಕ್ಕರೆ, ಅಮೈನೋ ಆಮ್ಲಗಳು ರಕ್ತ ಸೇರಿ ಯಕೃತ್ತಿಗೆ ಹೋಗುತ್ತವೆ. ಕೊಬ್ಬಿನ ಬಹುಪಾಲು ದುಗ್ಧನಾಳಗಳ ಸುತ್ತುದಾರಿ ಹಿಡಿಯುತ್ತದೆ.

ಈ ದಾಟುವಿಕೆಗೆ ಪಠ್ಯಪುಸ್ತಕದಲ್ಲಿ ‘ಹೀರಿಕೆ’ ಎಂದಿರುತ್ತದೆ. ಬೀದರ, ಕಲಬುರಗಿ ಕಡೆಯಿಂದ ಬಂದು ಕಾಚಿಗುಡದಲ್ಲಿ ನೆಲೆಸಿದ ಮನೆಗಳ ಅಜ್ಜಿಯರಿಗೆ ಆ ಪದ ಬೇಕಿಲ್ಲ. “ಎಷ್ಟ್ ಉಣಿಸಿದ್ರೂ ಹುಡುಗನ ಮೈಗೆ ಹತ್ತವಲ್ದು” ಅಂದರೆ ಆಯಿತು. ಅರಗುವುದು ಬೇರೆ, ಹತ್ತುವುದು ಬೇರೆ ಎಂಬುದು ಆ ಒಂದು ಮಾತಿನಲ್ಲಿ ಸ್ಪಷ್ಟವಾಗಿದೆ. ಹೀರಿಕೆ ಕರುಳಿನ ಗೋಡೆಗೇ ನಿಲ್ಲುತ್ತದೆ. ಹತ್ತುವುದು ಅದರಾಚೆಗೂ ಹೋಗುತ್ತದೆ.

ಆಚೆಗೆ ಏನಾಗುತ್ತದೆ ಎಂದು ನೋಡಿದವರು ಇದೇ ಊರಿನ ತಾರ್ನಾಕಾದಲ್ಲಿದ್ದರು. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿ ರೋಗದ ತನಿಖೆಗೆಂದು ಆರಂಭಿಸಿದ ಪುಟ್ಟ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂತು, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಜೋಳವನ್ನೇ ನೆಚ್ಚಿ ಬದುಕಿದ ದಖ್ಖನಿನ ಬಡವರಲ್ಲಿ ಆಗ ಪೆಲಾಗ್ರ ಕಾಣಿಸುತ್ತಿತ್ತು: ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮನಸ್ಸು ಕದಡುವುದು. ನಯಾಸಿನ್ ಎಂಬ ವಿಟಮಿನ್ ಕೊರತೆಯ ರೋಗವಿದು. ಜೋಳದಲ್ಲಿ ನಯಾಸಿನ್ ಇಲ್ಲದೆ ಇಲ್ಲ. ಹಾಗಿದ್ದೂ ಏಕೆ ಹೀಗೆ? ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇದಕ್ಕೆ ಕಾರಣವೆಂದು ಅಲ್ಲಿನ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ವಾದ ಮಂಡಿಸಿದರು. ಆ ವಾದಕ್ಕೆ ಮುಂದೆ ಎದುರುವಾದಗಳೂ ಬಂದವು. ಹಾಗೆಂದು ನಮ್ಮ ರೊಟ್ಟಿಯನ್ನು ಯಾರೂ ದೂರಬೇಕಿಲ್ಲ. ದೂರಬೇಕಾದ್ದು ರೊಟ್ಟಿಯ ಪಕ್ಕದಲ್ಲಿ ಬೇಳೆ, ಪಲ್ಯ, ಮೊಸರು ಇಡಲು ಬಿಡದ ಬಡತನವನ್ನು.

ಕಬ್ಬಿಣದ ಕತೆಯಂತೂ ದಿನದ ಊಟದ್ದು. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದಲ್ಲಿ ಕರುಳು ಬಿಟ್ಟುಕೊಳ್ಳುವುದು ಅಲ್ಪ ಭಾಗವನ್ನಷ್ಟೇ. ವಿಟಮಿನ್ ಸಿ ಜತೆಗಿದ್ದರೆ ಆ ಪಾಲು ಏರುತ್ತದೆ, ಚಹಾದ ಒಗರು ಅದನ್ನು ಇಳಿಸುತ್ತದೆ. ಹೈದರಾಬಾದಿನಲ್ಲಿ ಕೈ ತೊಳೆದ ಕೂಡಲೇ ಇರಾನಿ ಚಹಾ ಕರೆಯುತ್ತದೆ, ನಿಜ. ಆದರೂ ಪಲ್ಯಕ್ಕೆ ಒಂದು ಹೋಳು ನಿಂಬೆ ಹಿಂಡಿಕೊಳ್ಳಿ, ಚಹಾವನ್ನು ಒಂದು ತಾಸು ಮುಂದಕ್ಕೆ ಹಾಕಿ.