ರಿಚರ್ಡ್ ಸಿಯರ್ಸ್‌ನ ಏಳು ಗೆಲುವುಗಳು: ಅಮೆರಿಕನ್ ಟೆನಿಸ್‌ನ ಆರಂಭಕಾಲದ ಒಂದು ಮರುಓದು

ಅಮೆರಿಕದ ರಾಷ್ಟ್ರೀಯ ಟೆನಿಸ್ ಟೂರ್ನಿಯ ಪುರುಷರ ಸಿಂಗಲ್ಸ್ ದಾಖಲೆಯಲ್ಲಿ 1881ರಿಂದ 1887ರವರೆಗೆ ಇರುವುದು ಒಂದೇ ಹೆಸರು: ರಿಚರ್ಡ್ ಡಡ್ಲಿ ಸಿಯರ್ಸ್. ಮುಂದೆ ವಿಲಿಯಂ ಲಾರ್ನೆಡ್, ಬಿಲ್ ಟಿಲ್ಡನ್ ಇಬ್ಬರೂ ಏಳೇಳು ಬಾರಿ ಗೆದ್ದರು. ಏಳನ್ನೂ ಸತತವಾಗಿ ಗೆದ್ದವನು ಸಿಯರ್ಸ್ ಮಾತ್ರ. ಆದರೆ ಈ ಏಳೂ ಒಂದೇ ತೂಕದ ಗೆಲುವುಗಳಲ್ಲ. ಆತನ ಹಿರಿಮೆಯನ್ನು ಪ್ರಶಸ್ತಿಗಳ ಎಣಿಕೆಗಿಂತ ಮೊದಲ ಮೂರು ವರ್ಷಗಳ ಆಟದ ವಿಧಾನದಲ್ಲಿ ಹುಡುಕಬೇಕೆಂಬುದು ನನ್ನ ವಾದ.

ಸಿಯರ್ಸ್ ಹುಟ್ಟಿದ್ದು ಬಾಸ್ಟನ್‌ನಲ್ಲಿ, 1861ರ ಅಕ್ಟೋಬರ್ 26ರಂದು. ಅಣ್ಣ ಫ್ರೆಡ್ ಸಿಯರ್ಸ್ ಮತ್ತು ಜೇಮ್ಸ್ ಡ್ವೈಟ್ 1870ರ ದಶಕದ ನಡುವಿನಲ್ಲೇ ಮ್ಯಾಸಚೂಸೆಟ್ಸ್‌ನ ನಹಾಂಟ್‌ನಲ್ಲಿ ಈ ಹೊಸ ಆಟವನ್ನು ಆಡಿದ್ದವರು. ಆಗ ಚೆಂಡಿನ ಗಾತ್ರ, ನೆಟ್‌ನ ಎತ್ತರ ಕ್ಲಬ್ಬಿನಿಂದ ಕ್ಲಬ್ಬಿಗೆ ಬದಲಾಗುತ್ತಿತ್ತು. 1880ರಲ್ಲಿ ಸ್ಟೇಟನ್ ಐಲ್ಯಾಂಡ್ ಪಂದ್ಯಾವಳಿಯಲ್ಲಿ ಚೆಂಡಿನ ಗಾತ್ರದ ಬಗ್ಗೆಯೇ ತಕರಾರು ಎದ್ದಿತು. ಇಂಥ ಗೊಂದಲ ತಪ್ಪಿಸಲು 1881ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ರಾಷ್ಟ್ರೀಯ ಸಂಘ ರೂಪುಗೊಂಡಿತು. ಅದೇ ಆಗಸ್ಟ್ 31ರಂದು ರೋಡ್ ಐಲ್ಯಾಂಡ್‌ನ ನ್ಯೂಪೋರ್ಟ್ ಕ್ಯಾಸಿನೊದಲ್ಲಿ ಮೊದಲ ಟೂರ್ನಿ ಶುರುವಾಯಿತು.

ಸಿಯರ್ಸ್‌ಗೆ ಆಗ 19 ವರ್ಷ, ಹಾರ್ವರ್ಡ್ ವಿದ್ಯಾರ್ಥಿ. ಕೈಯಲ್ಲಿ 16 ಔನ್ಸ್ ತೂಕದ ರ‍್ಯಾಕೆಟ್. ನೆಟ್ ಕಂಬಗಳ ಬಳಿ 4 ಅಡಿ, ನಡುವೆ 3 ಅಡಿ ಎತ್ತರವಿತ್ತು. ಅಂಚಿನಲ್ಲಿ ಅಷ್ಟು ಎತ್ತರವಿದ್ದರೆ ಪಕ್ಕದ ಗೆರೆಗುಂಟ ಚೆಂಡು ದಾಟಿಸುವುದು ಕಷ್ಟ. ಎದುರಾಳಿಗಳು ಸಹಜವಾಗಿಯೇ ನಡುವಿನ ತಗ್ಗಿನ ಮೇಲೆ ಹೊಡೆಯುತ್ತಿದ್ದರು. ಹೆಚ್ಚಿನವರು ಹಿಂದಿನ ಗೆರೆಯ ಬಳಿಯೇ ನಿಂತು ಆಡುತ್ತಿದ್ದ ಕಾಲದಲ್ಲಿ ಸಿಯರ್ಸ್ ಸರ್ವಿಸ್ ಗೆರೆಯವರೆಗೆ ಮುಂದೆ ಬಂದು, ಚೆಂಡು ನೆಲ ಮುಟ್ಟುವ ಮೊದಲೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮೆಲ್ಲನೆ ತಟ್ಟಿದ. ಎದುರಾಳಿ ಓಡಿ ಓಡಿ ಸುಸ್ತಾದ. ಇದನ್ನು ತೋಳ್ಬಲದ ಗೆಲುವೆನ್ನಲಾಗದು. ಅಂಕಣದ ಅಳತೆಯನ್ನು ಇತರರಿಗಿಂತ ಮೊದಲು ಓದಿಕೊಂಡವನ ಗೆಲುವು ಇದು. ಫೈನಲ್‌ನಲ್ಲಿ ವಿಲಿಯಂ ಗ್ಲಿನ್ 6-0, 6-3, 6-2ರಿಂದ ಸೋತ. 1881, 1882, 1883ರ ಮೂರು ಟೂರ್ನಿಗಳಲ್ಲಿ ಸಿಯರ್ಸ್ ಒಂದೇ ಒಂದು ಸೆಟ್ಟನ್ನೂ ಬಿಟ್ಟುಕೊಡಲಿಲ್ಲ. 1883ರ ಫೈನಲ್‌ನಲ್ಲಿ ಎದುರು ನಿಂತವನು ಡ್ವೈಟ್, ಆತನದೇ ಡಬಲ್ಸ್ ಜೊತೆಗಾರ!

1884ರಲ್ಲಿ ಪದ್ಧತಿ ಬದಲಾಯಿತು. ಹಾಲಿ ಚಾಂಪಿಯನ್ ಕಾದು ಕುಳಿತು, ಉಳಿದವರಲ್ಲಿ ಗೆದ್ದು ಬಂದವನೊಡನೆ ಒಂದೇ ಪಂದ್ಯ ಆಡಿದರೆ ಸಾಕಾಯಿತು. ಸಿಯರ್ಸ್‌ನ ಪ್ರಸಿದ್ಧ 18 ಸತತ ಗೆಲುವುಗಳಲ್ಲಿ 14 ಮೊದಲ ಮೂರು ವರ್ಷಗಳವು, ಕೊನೆಯ ನಾಲ್ಕು ವರ್ಷಗಳಿಗೆ ಸೇರಿದ್ದು ನಾಲ್ಕೇ. ಆ ಹೊತ್ತಿಗೆ ಎದುರಾಳಿಗಳೂ ಪಳಗಿದ್ದರು: ಟೇಲರ್, ಬ್ರಿನ್ಲಿ, ಬೀಕ್‌ಮನ್ ಒಬ್ಬೊಬ್ಬರೂ ಒಂದೊಂದು ಸೆಟ್ ಕಿತ್ತುಕೊಂಡರು. ದಣಿದು ಬಂದ ಸವಾಲುಗಾರನ ಮುಂದೆ ಚಾಂಪಿಯನ್‌ಗಿದ್ದ ಅನುಕೂಲವನ್ನು ಮರೆತು ಈ ಗೆಲುವುಗಳನ್ನು ತೂಗುವುದು ಸರಿಯಲ್ಲ.

ಹಾಗೆಂದು ಆತ ಕಲಿಯುವುದನ್ನು ನಿಲ್ಲಿಸಿರಲಿಲ್ಲ. 1884ರಲ್ಲಿ ಡ್ವೈಟ್ ಜೊತೆ ಇಂಗ್ಲೆಂಡಿಗೆ ಹೋಗಿ ವಿಂಬಲ್ಡನ್ ಡಬಲ್ಸ್ ಸೆಮಿಫೈನಲ್‌ನಲ್ಲಿ ರೆನ್‌ಶಾ ಅವಳಿ ಸೋದರರಿಗೆ ಸೋತ. ಅಮೆರಿಕದ ಆಟ ಇಂಗ್ಲಿಷರಿಗಿಂತ ಎಷ್ಟು ಹಿಂದಿತ್ತೆಂಬುದಕ್ಕೆ ಆ ಸೋಲೇ ಸಾಕ್ಷಿ. ನ್ಯೂಪೋರ್ಟ್‌ನಲ್ಲಿ ಆಡುತ್ತಿದ್ದವರು ಬಹುಪಾಲು ಪೂರ್ವ ಕರಾವಳಿಯ ಸಿರಿವಂತ ಮನೆತನಗಳ ಯುವಕರು ಎಂಬುದನ್ನೂ ಇಲ್ಲಿ ನೆನೆಯಬೇಕು.

1887ರಲ್ಲಿ ಹೆನ್ರಿ ಸ್ಲೋಕಮ್‌ನನ್ನು 6-1, 6-3, 6-2ರಿಂದ ಸೋಲಿಸಿದ್ದು ಆತನ ಕೊನೆಯ ಪ್ರಶಸ್ತಿ. ಕುತ್ತಿಗೆಯ ನೋವಿನಿಂದ ಮರುವರ್ಷ ಸಿಯರ್ಸ್ ಅಂಕಣಕ್ಕಿಳಿಯಲಿಲ್ಲ. ಕಿರೀಟ ಸ್ಲೋಕಮ್‌ನ ಪಾಲಾಯಿತು. ನಾಲ್ಕು ಗೋಡೆಗಳ ನಡುವೆ ಆಡುವ ಹಳೆಯ ಕೋರ್ಟ್ ಟೆನಿಸ್‌ಗೆ ಹೊರಳಿದ ಸಿಯರ್ಸ್ 1892ರಲ್ಲಿ ಅದರಲ್ಲೂ ಅಮೆರಿಕದ ಮೊದಲ ಚಾಂಪಿಯನ್ ಆದ.